ಬೀಗ ತೆಗೆಯಿರಿ: ಸ್ಯಾಕ್ರಮೆಂಟೊದಿಂದ ಎನ್‌ಬಿಎಗೆ ಒಂದು ಬಹಿರಂಗ ಪತ್ರ

ಫಾಲ್ಸಮ್, ಕ್ಯಾಲಿಫೋರ್ನಿಯಾ
20 ನವೆಂಬರ್ 2011

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಕಮಿಷನರ್ ಮಾನ್ಯ ಡೇವಿಡ್ ಸ್ಟರ್ನ್ ಅವರಿಗೆ,
ಆಟಗಾರರ ಸಂಘದ ಮಾನ್ಯ ಬಿಲ್ಲಿ ಹಂಟರ್ ಮತ್ತು ಮಾನ್ಯ ಡೆರೆಕ್ ಫಿಷರ್ ಅವರಿಗೆ,
ಎಲ್ಲ ತಂಡಗಳ ಮಾಲೀಕರಿಗೆ,

ನಮಸ್ಕಾರ.

ಈ ತಿಂಗಳ ಮೊದಲ ವಾರ ನಮ್ಮ ಕಡೆ ಕನ್ನಡ ರಾಜ್ಯೋತ್ಸವ ಇತ್ತು. ಊಟದ ಸಾಲಿನಲ್ಲಿ ನಿಂತಿದ್ದಾಗ ಗೆಳೆಯರೊಬ್ಬರು ಕೇಳಿದರು. "ನಿಜ ಹೇಳಿ, ಬ್ಯಾಸ್ಕೆಟ್‌ಬಾಲ್ ಇಲ್ಲ ಅಂತ ಯಾರಿಗಾದ್ರೂ ಬೇಜಾರಾಗಿದ್ಯಾ? ನನಗಂತೂ ಗೊತ್ತೇ ಆಗಲಿಲ್ಲ." ಸುತ್ತ ಇದ್ದವರೂ ಹೌದು ಹೌದು ಅಂದರು. ಅಮೆರಿಕನ್ ಫುಟ್‌ಬಾಲ್ ಇದೆಯಲ್ಲ, ಕೋಟಿಗಟ್ಟಲೆ ದುಡಿಯುವವರು ಇನ್ನೂ ಜಾಸ್ತಿ ದುಡ್ಡಿರುವವರ ಜೊತೆ ಜಗಳ ಆಡಿದರೆ ನಮಗೇನು ಅಂದರು. ನನಗೆ ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಮನೆಗೆ ಬಂದ ಮೇಲೂ ಆ ಮಾತು ತಲೆಯಲ್ಲೇ ಕೂತಿತ್ತು.

ಈ ಪತ್ರ ಅವರಿಗೆ ಕೊಡಬೇಕಿದ್ದ ಉತ್ತರವೂ ಹೌದು, ನಿಮಗೆ ಹೇಳಬೇಕಾದ ದೂರೂ ಹೌದು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದರ ಇಂಗ್ಲಿಷ್ ಪ್ರತಿಯನ್ನು ನ್ಯೂಯಾರ್ಕ್‌ನಲ್ಲಿರುವ ನಿಮ್ಮ ಎರಡೂ ಕಡೆಯ ಕಚೇರಿಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಮೊದಲು ನನ್ನ ಕನ್ನಡದ ಗೆಳೆಯರಿಗಾಗಿ ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಆಟಗಾರರು ಸ್ಟ್ರೈಕ್ ಮಾಡುತ್ತಿದ್ದಾರೆ ಅಂತ ತುಂಬಾ ಜನ ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪು. ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಬೇರೆ ಬೇರೆ ಪದ ಇವೆ. ಕೆಲಸಗಾರ ಕೆಲಸ ನಿಲ್ಲಿಸಿದರೆ ಅದು ಮುಷ್ಕರ. ಮಾಲೀಕ ಗೇಟಿಗೆ ಬೀಗ ಹಾಕಿದರೆ ಅದು ಬೀಗಮುದ್ರೆ. ಇಲ್ಲಿ ಆಗಿರುವುದು ಬೀಗಮುದ್ರೆ. ಮಾಲೀಕರು ಮತ್ತು ಆಟಗಾರರ ನಡುವಿನ 2005ರ ಒಪ್ಪಂದದ ಅವಧಿ ಈ ವರ್ಷ ಜೂನ್ 30ಕ್ಕೆ ಮುಗಿಯಿತು. ಮಧ್ಯರಾತ್ರಿ ಕಳೆದು ಜುಲೈ 1 ಹುಟ್ಟುತ್ತಿದ್ದಂತೆ ಮಾಲೀಕರು ಬೀಗ ಹಾಕಿದರು. ತಂಡದ ಸಿಬ್ಬಂದಿ ಆಟಗಾರರ ಜೊತೆ ಮಾತಾಡುವ ಹಾಗಿಲ್ಲ. ತಂಡಗಳ ವೆಬ್‌ಸೈಟ್‌ಗಳಲ್ಲಿ ಅವರ ಫೋಟೊಗಳು ಕೂಡ ಮಾಯವಾದವು. ಜೂನ್ 12ರಂದು ಡರ್ಕ್ ನೊವಿಟ್ಸ್ಕಿ ಮತ್ತು ಡಲ್ಲಾಸ್ ತಂಡ ಮಯಾಮಿಯನ್ನು ಸೋಲಿಸಿ ಕಪ್ ಎತ್ತಿ ಮೂರು ವಾರ ಕೂಡ ಆಗಿರಲಿಲ್ಲ.

ಆಮೇಲೆ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಅಕ್ಟೋಬರ್ 10ಕ್ಕೆ ಮೊದಲ ಎರಡು ವಾರದ ಪಂದ್ಯಗಳು ಹೋದವು. ಅಕ್ಟೋಬರ್ 28ಕ್ಕೆ ಇಡೀ ನವೆಂಬರ್ ಹೋಯಿತು. ಕಳೆದ ಸೋಮವಾರ ಆಟಗಾರರು ನಿಮ್ಮ ಕೊನೆಯ ಪ್ರಸ್ತಾಪವನ್ನು ತಳ್ಳಿಹಾಕಿ, ಸಂಘ ಇನ್ನು ನಮ್ಮ ಪರವಾಗಿ ಮಾತುಕತೆ ನಡೆಸುವುದಿಲ್ಲ ಅಂತ ಘೋಷಿಸಿದರು. ಮರುದಿನ ಕೋರ್ಟಿಗೆ ಹೋದರು. ಅದೇ ದಿನ ನೀವು ಡಿಸೆಂಬರ್ 15ರವರೆಗಿನ ಎಲ್ಲ ಪಂದ್ಯ ರದ್ದು ಮಾಡಿದಿರಿ. ಇಲ್ಲಿಯವರೆಗೆ 324 ಪಂದ್ಯ. ಸೀಸನ್ನಿನ ಕಾಲು ಭಾಗಕ್ಕಿಂತ ಜಾಸ್ತಿ.

ಈಗ ನನ್ನ ಗೆಳೆಯರ ಪ್ರಶ್ನೆಗೆ ಬರುತ್ತೇನೆ.

ಬೇಸಿಗೆಯಲ್ಲಿ ನನಗೆ ಏನೂ ಅನಿಸಲಿಲ್ಲ. ಜುಲೈ, ಆಗಸ್ಟ್‌ನಲ್ಲಿ ಹೇಗೂ ಆಟ ಇರುವುದಿಲ್ಲ. ಫುಟ್‌ಬಾಲ್‌ನವರದ್ದೂ ಮಾರ್ಚ್‌ನಿಂದ ಬೀಗಮುದ್ರೆ ಇತ್ತು. ಜುಲೈ ಕೊನೆಗೆ ಅವರು ರಾಜಿ ಮಾಡಿಕೊಂಡು ಲೀಗಿನ ಒಂದೇ ಒಂದು ಪಂದ್ಯವನ್ನೂ ಕಳೆದುಕೊಳ್ಳಲಿಲ್ಲ. ನೀವೂ ಹಾಗೇ ಮಾಡುತ್ತೀರಿ ಅಂದುಕೊಂಡೆ. ಆಗಸ್ಟ್‌ನಲ್ಲಿ ಎನ್‌ಬಿಎ ತಾರೆ ಕೆವಿನ್ ಡುರಾಂಟ್ ನ್ಯೂಯಾರ್ಕ್‌ನ ರಕರ್ ಪಾರ್ಕ್‌ಗೆ ಹೋಗಿ, ಬೀದಿ ಬದಿಯ ಅಂಕಣದಲ್ಲಿ 66 ಅಂಕ ಹೊಡೆದ ವಿಡಿಯೊ ಬಂತು. ನಾನು ಮಗಳು ಇಬ್ಬರೂ ಅದನ್ನು ಮತ್ತೆ ಮತ್ತೆ ನೋಡಿದೆವು. ಟಿಕೆಟ್ ಇಲ್ಲ, ಆಟಗಾರನ ಪಕ್ಕದಲ್ಲೇ ಜನ ನಿಂತಿದ್ದಾರೆ, ಒಂದೊಂದು ಶಾಟ್‌ಗೂ ಅವರು ಕೂಗಾಡುತ್ತಿದ್ದಾರೆ. ಆಟಕ್ಕೆ ಏನೂ ಆಗಿಲ್ಲ, ಆಟ ಬದುಕಿದೆ ಅನಿಸಿತು.

ನವೆಂಬರ್‌ನಲ್ಲಿ ಗೊತ್ತಾಯಿತು. ಅದು ಒಂದೇ ಸಲ ಬಂದು ಹೊಡೆದ ದುಃಖ ಅಲ್ಲ. ನಾನು ಸಂಜೆ ಕೆಲಸ ಮುಗಿಸಿ ಹೈವೇ 50ರಲ್ಲಿ ಬರುವಾಗ ಕೈ ತಾನಾಗೇ ರೇಡಿಯೊದ 1140ಕ್ಕೆ ಹೋಗುತ್ತದೆ. ಅಲ್ಲಿ ಪಂದ್ಯದ ವಿವರಣೆ ಕೊಡುವ ಗ್ಯಾರಿ ಜೆರಾಲ್ಡ್ ಅವರ ದನಿ ಇರಬೇಕಿತ್ತು. ನಮ್ಮ ಎನ್‌ಬಿಎ ತಂಡ ಕಿಂಗ್ಸ್ ಸ್ಯಾಕ್ರಮೆಂಟೊಗೆ ಬಂದ 1985ರಿಂದಲೂ ಇರುವ ದನಿ ಅದು. ಅದಿಲ್ಲ. ಮನೆಗೆ ಬಂದರೆ ಚಪಾತಿ ಲಟ್ಟಿಸುವ ಹೊತ್ತಿಗೆ ಟಿವಿಯಲ್ಲಿ ಮೊದಲ ಕ್ವಾರ್ಟರ್ ಓಡುತ್ತಿರಬೇಕಿತ್ತು. ಮಗಳು ಹೋಂವರ್ಕ್ ಮಧ್ಯೆ ತಲೆಯೆತ್ತಿ "ಅಪ್ಪಾ ಎಷ್ಟು?" ಅಂತ ಕೇಳಬೇಕಿತ್ತು. ಅದೂ ಇಲ್ಲ. ಫುಟ್‌ಬಾಲ್ ವಾರಕ್ಕೊಮ್ಮೆ ಬರುವ ಜಾತ್ರೆ ಇದ್ದ ಹಾಗೆ. ನಿಮ್ಮ ಆಟ ಹಾಗಲ್ಲ. ವರ್ಷಕ್ಕೆ 82 ಪಂದ್ಯ, ಎರಡು ದಿನಕ್ಕೊಂದರಂತೆ. ಅದು ಪಕ್ಕದ ಮನೆಯವರಿದ್ದ ಹಾಗೆ. ಪಕ್ಕದ ಮನೆಯವರು ಊರಿಗೆ ಹೋದರೆ ನಾವು ಅಳುತ್ತಾ ಕೂರುವುದಿಲ್ಲ. ಆದರೆ ಸಂಜೆ ಆ ಕಿಟಕಿ ಕತ್ತಲಾಗಿರುವುದು ದಿನಾ ಕಣ್ಣಿಗೆ ಬೀಳುತ್ತದೆ.

ಆದ್ದರಿಂದ ನಾವು ಸುಮ್ನೆ ಇದ್ದೇವೆ ಅಂತ ನಮಗೆ ಬೇಜಾರಿಲ್ಲ ಅಂದುಕೊಳ್ಳಬೇಡಿ. ನಾವು ಎಲ್ಲಿ ಹೋಗಿ ಕೂಗಬೇಕು? ನಾವು ಒಟ್ಟಿಗೆ ಸೇರಿ ಕೂಗುತ್ತಿದ್ದ ಜಾಗಕ್ಕೇ ನೀವು ಬೀಗ ಹಾಕಿದ್ದೀರಿ.

ಲಾಸ್ ಏಂಜಲೀಸ್, ನ್ಯೂಯಾರ್ಕ್, ಷಿಕಾಗೊ ಜನರಿಗೆ ಬೇರೆ ತಂಡಗಳಿವೆ. ನಮಗಿಲ್ಲ. ಸ್ಯಾಕ್ರಮೆಂಟೊ ಕ್ಯಾಲಿಫೋರ್ನಿಯಾದ ರಾಜಧಾನಿ. ಆದರೂ ದೊಡ್ಡ ಲೀಗುಗಳಲ್ಲಿ ಈ ಊರಿನ ಹೆಸರು ಹೇಳುವ ತಂಡ ಒಂದೇ, ಕಿಂಗ್ಸ್. ಹೆಣ್ಣುಮಕ್ಕಳ ತಂಡ ಮೊನಾರ್ಕ್ಸ್ ಇತ್ತು. 2005ರಲ್ಲಿ ಅದು ಚಾಂಪಿಯನ್ ಆಗಿತ್ತು. 2009ರಲ್ಲಿ ಮುಚ್ಚಿಹೋಯಿತು. ನನ್ನ ಮಗಳು ಆಗ 10 ವರ್ಷದವಳು, ಅವಳು ಹಾಕಿಕೊಳ್ಳುತ್ತಿದ್ದ ಜೆರ್ಸಿ ಆ ತಂಡದ್ದು. ಒಂದು ತಂಡ ಇಲ್ಲವಾಗುವುದು ಅಂದರೆ ಏನು ಅಂತ ನಮ್ಮ ಮನೆಯಲ್ಲಿ ಗೊತ್ತು.

ನಾನು ಇಲ್ಲಿಗೆ ಬಂದಿದ್ದು 1999ರಲ್ಲಿ, ನಿಮ್ಮ ಹಿಂದಿನ ಬೀಗಮುದ್ರೆ ಮುಗಿದ ವರ್ಷವೇ. ಆಗ ಸೀಸನ್ 50 ಪಂದ್ಯಕ್ಕೆ ಇಳಿದಿತ್ತು. ನನಗೆ ಈ ಊರಲ್ಲಿ ಯಾರ ಪರಿಚಯವೂ ಇರಲಿಲ್ಲ. ಆಫೀಸಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂತರೆ ಎಲ್ಲರೂ ಕಿಂಗ್ಸ್ ಆಟಗಾರರಾದ ವೆಬರ್, ಡಿವಾಟ್ಸ್, ಜೇಸನ್ ವಿಲಿಯಮ್ಸ್ ಅಂತ ಮಾತಾಡುತ್ತಿದ್ದರು. ನಾನು ಬೆಂಗಳೂರಲ್ಲಿ ಶಾಲೆಯ ಸಿಮೆಂಟ್ ಅಂಕಣದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದವನು. ಅದೊಂದು ಗೊತ್ತಿದ್ದರಿಂದ ಆ ಮಾತಿನೊಳಗೆ ಸೇರಿಕೊಳ್ಳಲು ಆಯಿತು. ಈ ಊರಿನವನಾಗಿದ್ದು ಆ ಟೇಬಲ್ಲಿನಲ್ಲಿ. 2002ರ ಜೂನ್ 2ರಂದು ಲಾಸ್ ಏಂಜಲೀಸ್‌ನ ಲೇಕರ್ಸ್ ವಿರುದ್ಧ ಪ್ಲೇಆಫ್ ಸರಣಿಯ ಏಳನೇ ಪಂದ್ಯ ಓವರ್‌ಟೈಮ್‌ಗೆ ಹೋಗಿ ಕಿಂಗ್ಸ್ ಸೋತಾಗ, 30 ಫ್ರೀ ಥ್ರೋದಲ್ಲಿ ಬರೀ 16 ಬಿದ್ದಾಗ, ನನ್ನ ಅಕ್ಕಪಕ್ಕ ಕೂತು ಕಣ್ಣೊರೆಸಿಕೊಂಡವರು ಇವತ್ತಿಗೂ ನನ್ನ ಹತ್ತಿರದ ಸ್ನೇಹಿತರು. ಅದರಲ್ಲಿ ಇಬ್ಬರು ನನ್ನ ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಬರುತ್ತಾರೆ.

ಈಗ ಈ ವರ್ಷದ ವಿಷಯ. ನನ್ನ ದೂರಿನ ತಿರುಳು ಇಲ್ಲೇ ಇದೆ, ದಯವಿಟ್ಟು ಗಮನ ಕೊಟ್ಟು ಓದಿ.

ಈ ವಸಂತದಲ್ಲಿ ನಮ್ಮ ತಂಡ ಊರು ಬಿಟ್ಟು ಲಾಸ್ ಏಂಜಲೀಸ್ ಹತ್ತಿರದ ಅನಾಹೈಮ್‌ಗೆ ಹೋಗುವುದು ಬಹುತೇಕ ಖಚಿತ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಏಪ್ರಿಲ್ 13ಕ್ಕೆ ಸೀಸನ್ನಿನ ಕೊನೆಯ ಪಂದ್ಯ, ಲೇಕರ್ಸ್ ಎದುರು. ನಾನು ಮಗಳನ್ನು ಕರೆದುಕೊಂಡು ಹೋಗಿದ್ದೆ. ನಾಟೋಮಾಸ್‌ನ ನಮ್ಮ ಹಳೇ ಕ್ರೀಡಾಂಗಣಕ್ಕೆ ಮಾರ್ಚ್‌ನಲ್ಲಿ ಹೊಸ ಹೆಸರು ಬಂದಿದೆ, ನಾವು ಈಗಲೂ ಆರ್ಕೊ ಅಂತಲೇ ಕರೆಯುತ್ತೇವೆ. 24 ಗೆದ್ದು 58 ಸೋತ ತಂಡ ನಮ್ಮದು. ಆದರೂ ಅವತ್ತು ಸೀಟು ಖಾಲಿ ಇರಲಿಲ್ಲ. ತುಂಬಾ ಹಿಂದೆ ಬಿದ್ದಿದ್ದ ನಮ್ಮ ಹುಡುಗರು ಕೊನೆಯ ಕ್ವಾರ್ಟರಿನಲ್ಲಿ ಎದ್ದು ಬಂದರು. ಗೆದ್ದೇಬಿಟ್ಟೆವು ಅನ್ನುವಾಗ ಕೋಬಿ ಬ್ರಯಂಟ್ ಸಮ ಮಾಡಿದರು. ಓವರ್‌ಟೈಮ್‌ನಲ್ಲಿ 116-108ಕ್ಕೆ ಸೋತೆವು.

ಪಂದ್ಯ ಮುಗಿದ ಮೇಲೂ ಜನ ಎದ್ದು ಹೋಗಲಿಲ್ಲ. ಕೌಬೆಲ್, ಅಂದರೆ ಹಸುವಿನ ಕೊರಳಿನ ಗಂಟೆ, ಬಾರಿಸುತ್ತಾ ನಿಂತೇ ಇದ್ದರು. ದೊಡ್ಡ ದೊಡ್ಡ ಗಂಡಸರು ಅಳುತ್ತಿದ್ದರು. ಟಿವಿಯಲ್ಲಿ ಪಂದ್ಯದ ವಿವರಣೆ ಕೊಡುತ್ತಿದ್ದ ಗ್ರಾಂಟ್ ನೇಪಿಯರ್ ಮತ್ತು ಜೆರ್ರಿ ರೆನಾಲ್ಡ್ಸ್ ಅವರಿಗೂ ಗಂಟಲು ಕಟ್ಟಿತ್ತು ಅಂತ ಆಮೇಲೆ ನೋಡಿದೆ. ನನ್ನ ಮಗಳು ನನ್ನ ಕೈ ಬಿಡಲಿಲ್ಲ. ನಮ್ಮ ಪಕ್ಕದ ಸೀಟಿನ ಅಜ್ಜಿ ತಮ್ಮ ಕೌಬೆಲ್ಲನ್ನು ಅವಳ ಕೈಗೆ ಕೊಟ್ಟು, ಇದು ನಿನ್ನ ಹತ್ತಿರ ಇರಲಿ ಅಂದರು. ಅವರ ಹೆಸರು ಕೂಡ ನಮಗೆ ಗೊತ್ತಿಲ್ಲ.

ಅದೇ ವಾರ ನಮ್ಮ ಮೇಯರ್ ಕೆವಿನ್ ಜಾನ್ಸನ್, ಅವರೂ ನಿಮ್ಮ ಲೀಗಿನಲ್ಲೇ ಆಡಿದವರು, ನ್ಯೂಯಾರ್ಕಿಗೆ ಬಂದು ನಿಮ್ಮ ಮಂಡಳಿಯ ಮುಂದೆ ನಿಂತು ಈ ಊರಿನ ಪರ ಮಾತಾಡಿದರು. ಇಲ್ಲಿನ ವ್ಯಾಪಾರಿಗಳು ಜಾಹೀರಾತಿಗೆ ದುಡ್ಡು ಕೊಡುತ್ತೇವೆ ಅಂತ ಮುಂದೆ ಬಂದರು. ಮೇ 2ಕ್ಕೆ ತಂಡದ ಮಾಲೀಕರಾದ ಮಾಲೂಫ್ ಸಹೋದರರು ಇನ್ನೊಂದು ವರ್ಷ ಇಲ್ಲೇ ಇರುತ್ತೇವೆ ಅಂದರು. ಊರಿಗೆ ಊರೇ ಕುಣಿಯಿತು. ಆದರೆ ಅದಕ್ಕೆ ಒಂದು ಷರತ್ತು ಇತ್ತು. 2012ರ ಮಾರ್ಚ್ 1ರೊಳಗೆ ಹೊಸ ಕ್ರೀಡಾಂಗಣಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವ ಯೋಜನೆ ಸಿದ್ಧ ಇರಬೇಕು. ಊರಿನ ಮಧ್ಯದ ಹಳೇ ರೈಲ್ವೆ ಯಾರ್ಡಿನ ಜಾಗದಲ್ಲಿ ಕಟ್ಟುವುದು ಅಂತ ಮಾತಾಯಿತು. ಸುಮ್ನೆ ಅಲ್ಲ, ಅದಕ್ಕೆ 38.7 ಕೋಟಿ ಡಾಲರ್ ಬೇಕು ಅಂತ ಅಂದಾಜಾಯಿತು.

ಅಂದರೆ ನೀವು ನಮಗೆ ಒಂದು ವರ್ಷ ಕೊಟ್ಟಿರಿ. ನಿಮಗೆ ಈ ಆಟ ಎಷ್ಟು ಬೇಕು ಅಂತ ತೋರಿಸಿ ಅಂದಿರಿ. ಆಮೇಲೆ ಎರಡೇ ತಿಂಗಳಿಗೆ ನೀವೇ ಬೀಗ ಹಾಕಿದಿರಿ.

ನಾವು ಎಲ್ಲಿ ತೋರಿಸಬೇಕು ಸ್ವಾಮಿ? ಸೀಟು ತುಂಬಿಸೋಣ ಅಂದರೆ ಪಂದ್ಯ ಇಲ್ಲ. ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಜೂನ್ ಡ್ರಾಫ್ಟ್‌ನಲ್ಲಿ ಜಿಮ್ಮರ್ ಫ್ರೆಡೆಟ್ ನಮ್ಮ ಪಾಲಿಗೆ ಬಂದಾಗ ಇಲ್ಲಿ ಎಷ್ಟು ಉತ್ಸಾಹ ಇತ್ತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಎಷ್ಟೋ ವರ್ಷದಿಂದ ಆ ಕಡೆ ಹೋಗದವರು ಟಿಕೆಟ್ ಎಷ್ಟು ಅಂತ ವಿಚಾರಿಸುತ್ತಿದ್ದರು. ಆ ಹುಡುಗನಿಗೆ ಇವತ್ತಿನವರೆಗೆ ಕಾಂಟ್ರ್ಯಾಕ್ಟಿಗೆ ಸಹಿ ಹಾಕಲು ಕೂಡ ಆಗಿಲ್ಲ. ಇತ್ತ ನಗರಸಭೆಯಲ್ಲಿ ಕ್ರೀಡಾಂಗಣದ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೂ ಎದ್ದು ಕೇಳಬಹುದು, ಆಟವೇ ಇಲ್ಲದ ಲೀಗಿಗೆ ನಮ್ಮ ತೆರಿಗೆ ಹಣ ಯಾಕೆ ಅಂತ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ನೀವು. ಉತ್ತರ ಕೊಡಲಾಗದೆ ತಲೆ ತಗ್ಗಿಸುವವರು ನಾವು.

ಬೇರೆ ಊರಿನ ಅಭಿಮಾನಿ ಕಳೆದುಕೊಳ್ಳುತ್ತಿರುವುದು ಕೆಲವು ತಿಂಗಳ ಆಟ. ನಾವು ಕಳೆದುಕೊಳ್ಳುತ್ತಿರುವುದು ನಮಗೆ ಉಳಿದಿರುವ ಒಂದೇ ವರ್ಷವನ್ನು. ಮಾರ್ಚ್ 1ಕ್ಕೆ ಯೋಜನೆ ಆಗದಿದ್ದರೆ 2008ರಲ್ಲಿ ಸಿಯಾಟಲ್‌ಗೆ ಆದದ್ದೇ ನಮಗೂ ಆಗುತ್ತದೆ. 41 ವರ್ಷ ಇದ್ದ ಸೂಪರ್‌ಸಾನಿಕ್ಸ್ ಓಕ್ಲಹೋಮಾಗೆ ಹೋಯಿತು. ಅಲ್ಲಿನವರನ್ನು ಕೇಳಿ ನೋಡಿ, ಬೇಜಾರಾಗುತ್ತದಾ ಇಲ್ಲವಾ ಅಂತ.

ಇನ್ನು ಕೆಲಸದವರ ವಿಷಯ. ನಾವು ಕಾರು ನಿಲ್ಲಿಸುವ ಕಡೆ ಒಬ್ಬ ಹಿರಿಯರು ಕೆಂಪು ದೀಪದ ಕೋಲು ಹಿಡಿದು ದಾರಿ ತೋರಿಸುತ್ತಿದ್ದರು. ಮಳೆ ಇರಲಿ ಚಳಿ ಇರಲಿ, ನನ್ನ ಮಗಳನ್ನು ನೋಡಿದರೆ ಅವರಿಗೆ ಒಂದು ನಗು. ಪಂದ್ಯ ಇದ್ದ ದಿನ ಅವರಿಗೆ ಕೂಲಿ, ಇಲ್ಲದ ದಿನ ಇಲ್ಲ. ಸೀಟು ತೋರಿಸುವವರು, ಪಾಪ್‌ಕಾರ್ನ್ ಮಾರುವವರು, ಕಸ ಗುಡಿಸುವವರು ಎಲ್ಲರದ್ದೂ ಇದೇ ಕಥೆ. ಕಳೆದ ತಿಂಗಳು ಒಂದು ಅಂಗಡಿಯಲ್ಲಿ ಅವರು ಸಿಕ್ಕರು. ಹೇಗಿದ್ದೀರಿ ಅಂದೆ. ಕ್ರಿಸ್ಮಸ್‌ಗೆ ಮೊಮ್ಮಕ್ಕಳಿಗೆ ಏನಾದರೂ ಕೊಡಿಸುವುದು ಈ ದುಡ್ಡಿನಲ್ಲೇ, ಈ ಸಲ ನೋಡಬೇಕು ಅಂದರು. ಯಾರನ್ನೂ ಬೈಯಲಿಲ್ಲ. ನನಗೆ ಮುಂದೆ ಮಾತೇ ಬರಲಿಲ್ಲ.

ನನಗೆ ಇದು ಯಾಕೆ ಇಷ್ಟು ತಟ್ಟುತ್ತದೆ ಅಂದರೆ, ನಾನು ಇದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ನಮ್ಮ ತಂದೆ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. 1980ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ ಮುಷ್ಕರ ಶುರುವಾಗಿ 77 ದಿನ ನಡೆಯಿತು. ನನಗೆ ಆಗ ಹತ್ತು ವರ್ಷ. ಅಪ್ಪ ದಿನಾ ಗೇಟ್ ಮೀಟಿಂಗಿಗೆ ಹೋಗಿ ಬರುತ್ತಿದ್ದರು. ಅಮ್ಮ ದಿನಸಿ ಅಂಗಡಿಯ ಸಾಲದ ಪುಸ್ತಕ ಹಿಡಿದು ಹೋಗುತ್ತಿದ್ದಳು, ಬರುಬರುತ್ತಾ ಅವಳ ದನಿ ಸಣ್ಣದಾಗುತ್ತಾ ಹೋಯಿತು. ಆದರೆ ಅಪ್ಪ ಜಾಸ್ತಿ ನೆನಪು ಮಾಡಿಕೊಳ್ಳುತ್ತಿದ್ದುದು ನಮ್ಮ ಮನೆಯ ಕಷ್ಟವನ್ನಲ್ಲ. ಗೇಟಿನ ಎದುರು ಟೀ ಅಂಗಡಿ ಇಟ್ಟುಕೊಂಡಿದ್ದವನನ್ನು. ಅವನು ಯೂನಿಯನ್ನಿನಲ್ಲಿ ಇರಲಿಲ್ಲ, ಆಡಳಿತ ಮಂಡಳಿಯಲ್ಲೂ ಇರಲಿಲ್ಲ. ಮುಷ್ಕರ ಮುಗಿದು ಎಲ್ಲರೂ ಕೆಲಸಕ್ಕೆ ಹೋದಾಗ ಅವನ ಅಂಗಡಿ ಇರಲಿಲ್ಲ. "ನಮಗೆ ಕೇಳೋದಕ್ಕೆ ಒಂದು ಬೇಡಿಕೆಯಾದ್ರೂ ಇತ್ತು, ಅವನಿಗೆ ಅದೂ ಇರ್ಲಿಲ್ಲ" ಅನ್ನುತ್ತಿದ್ದರು ಅಪ್ಪ.

ಹಾಗಾಗಿ ಆಟಗಾರರಿಗೆ ಸಂಘ ಯಾಕೆ, ಅವರೇನು ಬಡವರಾ ಅಂತ ನಾನು ಕೇಳುವುದಿಲ್ಲ. ದುಡಿಯುವವನು ಎಷ್ಟೇ ದುಡಿದರೂ ತನ್ನ ಪಾಲು ಕೇಳುವುದು ತಪ್ಪಲ್ಲ. ಜನ ದುಡ್ಡು ಕೊಟ್ಟು ಬರುವುದು ಅವರನ್ನು ನೋಡಲು. ಹಳೆಯ ಒಪ್ಪಂದದಲ್ಲಿ ಬ್ಯಾಸ್ಕೆಟ್‌ಬಾಲ್ ಆದಾಯದ ಶೇ. 57ರಷ್ಟು ಅವರಿಗೆ ಬರುತ್ತಿತ್ತು. ಹಂಟರ್ ಅವರೇ, ಫಿಷರ್ ಅವರೇ, ನೀವು ಅದನ್ನು ಶೇ. 52.5ಕ್ಕೆ ಇಳಿಸಲು ಒಪ್ಪಿದ್ದೀರಿ, ಬೇರೆ ನಿಯಮಗಳು ಸಡಿಲವಾದರೆ ಸಮಪಾಲಿಗೂ ಸಿದ್ಧ ಅಂತ ಸುದ್ದಿ ಬಂದಿದೆ. ಸ್ಟರ್ನ್ ಅವರೇ, ನೀವು 50ಕ್ಕೆ ನಿಂತಿದ್ದೀರಿ. ಶೇಕಡಾ ಒಂದು ಅಂದರೆ ವರ್ಷಕ್ಕೆ ಸುಮಾರು 4 ಕೋಟಿ ಡಾಲರ್ ಅಂತೆ. ದೊಡ್ಡ ಮೊತ್ತವೇ, ಇಲ್ಲ ಅನ್ನುವುದಿಲ್ಲ. ಆದರೆ ಇಷ್ಟು ಹತ್ತಿರ ಬಂದ ಮೇಲೆ ಎದ್ದು ಹೋಗಿ ಕೋರ್ಟಿನ ಮೆಟ್ಟಿಲು ಹತ್ತುವುದು ಯಾಕೆ ಅನ್ನುವುದು ನನಗೆ ಅರ್ಥವಾಗುತ್ತಿಲ್ಲ. ಕೋರ್ಟಿನ ಕೆಲಸ ಎಷ್ಟು ಕಾಲ ಹಿಡಿಯುತ್ತದೆ ಅಂತ ನಮ್ಮೂರ ಕಡೆಯವರಿಗೆ ಚೆನ್ನಾಗಿ ಗೊತ್ತು. ಈ ವಿಷಯದಲ್ಲಿ ಆಟಗಾರರ ಮೇಲೂ ನನಗೆ ಸಿಟ್ಟಿದೆ.

ಆದರೂ ಬೀಗ ಹಾಕಿದವರು ಮಾಲೀಕರು. ಆದ್ದರಿಂದ ನನ್ನ ದೂರು ಹೆಚ್ಚಾಗಿ ಅವರ ಮೇಲೆಯೇ. 30 ತಂಡಗಳಲ್ಲಿ 22ಕ್ಕೆ ನಷ್ಟ, ಒಟ್ಟು 30 ಕೋಟಿ ಡಾಲರ್ ನಷ್ಟ ಅಂತ ಲೀಗ್ ಹೇಳುತ್ತದೆ. ಆಟಗಾರರು ಆ ಲೆಕ್ಕ ಒಪ್ಪುವುದಿಲ್ಲ. ಸರಿ, ನಾನು ನಿಮ್ಮ ಲೆಕ್ಕವನ್ನೇ ಒಪ್ಪುತ್ತೇನೆ. ನಮ್ಮಂಥ ಸಣ್ಣ ಊರಿನ ತಂಡಕ್ಕೆ ನಷ್ಟ ಅನ್ನುವುದನ್ನು ನಾನು ನಂಬುತ್ತೇನೆ. ಆದರೆ ಅದೇ ಲೀಗಿನಲ್ಲಿ ಲೇಕರ್ಸ್ ತಂಡ ಈ ಫೆಬ್ರವರಿಯಲ್ಲಿ ಟೈಮ್ ವಾರ್ನರ್ ಕೇಬಲ್ ಜೊತೆ 20 ವರ್ಷದ ಟಿವಿ ಒಪ್ಪಂದ ಮಾಡಿಕೊಂಡಿದೆ. ಅದರ ಮೊತ್ತ 300 ಕೋಟಿ ಡಾಲರ್ ಅಂತ ಪತ್ರಿಕೆಗಳು ಬರೆದವು. ಲೇಕರ್ಸ್ ಒಬ್ಬರೇ ಆಡಿದರೆ ಅದು ಪಂದ್ಯ ಆಗುತ್ತದಾ? ಎದುರಿಗೆ ನಮ್ಮ ಹುಡುಗರು ನಿಂತರೆ ತಾನೇ ಅದು ಟಿವಿಯಲ್ಲಿ ಬರುವುದು? ಹಾಗಿದ್ದ ಮೇಲೆ ಆ ದುಡ್ಡಿನಲ್ಲಿ ಸಣ್ಣ ಊರಿಗೂ ಪಾಲು ಇರಬೇಕು ಅಲ್ವಾ. ಮಾಲೀಕರು ತಮ್ಮ ತಮ್ಮಲ್ಲೇ ಸರಿಯಾಗಿ ಹಂಚಿಕೊಳ್ಳದೆ, ಅದರಿಂದ ಬಂದ ನಷ್ಟವನ್ನೆಲ್ಲ ಆಟಗಾರರ ಜೇಬಿನಿಂದಲೇ ತುಂಬಿಸಿಕೊಳ್ಳಲು ಹೊರಟಿದ್ದಾರೆ ಅನ್ನುವುದು ನನ್ನ ಅನಿಸಿಕೆ.

ಅಭಿಮಾನಿಗಳು ಹೇಗೂ ವಾಪಸ್ ಬರುತ್ತಾರೆ ಅನ್ನುವ ಧೈರ್ಯ ನಿಮ್ಮ ಎರಡೂ ಕಡೆಯವರಿಗೆ ಇದೆ ಅಂತ ಕಾಣುತ್ತದೆ. 1994ರಲ್ಲಿ ಬೇಸ್‌ಬಾಲ್ ಮುಷ್ಕರ ಆಗಿ ಅದರ ಫೈನಲ್ ಸರಣಿ ವರ್ಲ್ಡ್ ಸೀರೀಸ್ ರದ್ದಾಯಿತು. ಮರುವರ್ಷ ಪಂದ್ಯಕ್ಕೆ ಬರುವ ಜನ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾದರು. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಆವತ್ತಿನಿಂದ ಇವತ್ತಿನವರೆಗೆ ಬೇಸ್‌ಬಾಲ್ ಪಂದ್ಯಕ್ಕೆ ಕಾಲಿಟ್ಟಿಲ್ಲ. ಸಿಟ್ಟಿನಿಂದ ಅಲ್ಲ, ಅಭ್ಯಾಸ ತಪ್ಪಿಹೋಯಿತು ಅನ್ನುತ್ತಾರೆ.

ನನಗೂ ಅದೇ ಭಯ. ಕಳೆದ ವಾರ ಒಂದು ಸಂಜೆ ಕಾರಿನಲ್ಲಿ ನನ್ನ ಕೈ 1140ಕ್ಕೆ ಹೋಗಲಿಲ್ಲ. ಮನೆ ಮುಟ್ಟಿದ ಮೇಲೆ ಅದು ಗಮನಕ್ಕೆ ಬಂತು. ಮೊನ್ನೆ ಮಗಳು ಈ ಸಲ ಶಾಲೆಯ ಟೀಮಿಗೆ ಸೇರಬೇಕು ಅಂದುಕೊಂಡಿದ್ದವಳು ಯಾಕೋ ಬೇಡ ಅಂದಳು. ಯಾಕೆ ಅಂತ ಕೇಳಿದರೆ, "ಯಾರೂ ಅದರ ಬಗ್ಗೆ ಮಾತಾಡ್ತಾನೇ ಇಲ್ಲ ಅಪ್ಪಾ" ಅಂದಳು. ರಾಜ್ಯೋತ್ಸವದ ದಿನ ಗೆಳೆಯರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ. ಹೌದು, ನನಗೆ ಬೇಜಾರಾಗಿದೆ. ಆದರೆ ಇನ್ನೂ ಕೆಲವು ತಿಂಗಳು ಹೀಗೇ ಹೋದರೆ ಬೇಜಾರು ಕೂಡ ಆಗದೇ ಹೋಗಬಹುದು. ಅಷ್ಟು ಹೊತ್ತು ಕಾಯಬೇಡಿ.

ನನ್ನ ಕೋರಿಕೆಗಳು ದೊಡ್ಡವಲ್ಲ. ಸ್ಟರ್ನ್ ಅವರೇ, ಹಂಟರ್ ಅವರೇ, ಈ ವಾರವೇ ಮತ್ತೆ ಒಂದೇ ಕೋಣೆಯಲ್ಲಿ ಕೂತುಕೊಳ್ಳಿ, ಒಪ್ಪಂದ ಆಗುವವರೆಗೆ ಏಳಬೇಡಿ. ಸಂಘ ಈಗ ಯಾವ ಹೆಸರಿನಲ್ಲಿ ಮಾತಾಡಬೇಕು ಅನ್ನುವ ಕಾನೂನಿನ ತೊಡಕು ನಮಗೆ ಬೇಡ, ಮಾತು ಮುಖ್ಯ. ಎರಡನೆಯದು ಲೀಗಿಗೆ. ನೀವು ಎಷ್ಟು ದಿನ ಬೀಗ ಹಾಕಿದ್ದೀರೋ ಅಷ್ಟು ದಿನ ಸ್ಯಾಕ್ರಮೆಂಟೊದ ಮಾರ್ಚ್ 1ರ ಗಡುವನ್ನು ಮುಂದಕ್ಕೆ ಹಾಕಿ. ಇದನ್ನು ನಾನು ದಯೆ ಅಂತ ಕೇಳುತ್ತಿಲ್ಲ, ನಮ್ಮಿಂದ ತೆಗೆದುಕೊಂಡ ದಿನಗಳನ್ನು ವಾಪಸ್ ಕೇಳುತ್ತಿದ್ದೇನೆ. ಹೊಸ ಒಪ್ಪಂದದಲ್ಲಿ ಸಣ್ಣ ಊರುಗಳಿಗೆ ಆದಾಯದ ಪಾಲು ಎಷ್ಟು ಅನ್ನುವುದನ್ನು ಜನರ ಮುಂದೆ ಇಡಿ. ಮತ್ತೆ, ಪಂದ್ಯ ಇದ್ದರೆ ಮಾತ್ರ ಕೂಲಿ ಸಿಗುವ ಕೆಲಸದವರಿಗೆ, ರದ್ದಾದ ಪಂದ್ಯಗಳ ಕೂಲಿಯನ್ನು ನೀವೂ ಆಟಗಾರರೂ ಸೇರಿ ಕೊಡಿ. ನೀವು ಜಗಳವಾಡುತ್ತಿರುವ ಶೇಕಡಾ ಒಂದರಲ್ಲಿ ಒಂದು ಚೂರು ತೆಗೆದಿಟ್ಟರೂ ಅದು ಆಗುತ್ತದೆ.

ಸಹಿ ಆದ ದಿನದಿಂದ ಮೊದಲ ಪಂದ್ಯ ಶುರುವಾಗಲು ಸುಮಾರು ಒಂದು ತಿಂಗಳು ಬೇಕು ಅಂತ ನೀವೇ ಹೇಳಿದ್ದೀರಿ. ಇವತ್ತು ನವೆಂಬರ್ 20. ರದ್ದಾಗಿರುವುದು ಡಿಸೆಂಬರ್ 15ರವರೆಗೆ. ಕ್ರಿಸ್ಮಸ್ ದಿನದ ಪಂದ್ಯಗಳು ಪಟ್ಟಿಯಲ್ಲಿ ಇನ್ನೂ ಇವೆ. ಈ ಗುರುವಾರ ಥ್ಯಾಂಕ್ಸ್‌ಗಿವಿಂಗ್, ನಿಮ್ಮ ಮನೆಗಳಲ್ಲೂ ಹಬ್ಬ ಇರುತ್ತದೆ. ಅದಾದ ಎರಡು ಮೂರು ದಿನದಲ್ಲಿ ನೀವು ಸಹಿ ಹಾಕಿದರೆ ಕ್ರಿಸ್ಮಸ್‌ಗೆ ಆಟ ಶುರುವಾಗಬಹುದು. ಪಾರ್ಕಿಂಗಿನ ಆ ಹಿರಿಯರು ಮತ್ತೆ ಕೆಂಪು ಕೋಲು ಹಿಡಿದು ನಿಲ್ಲಬಹುದು.

ಅಜ್ಜಿ ಕೊಟ್ಟ ಕೌಬೆಲ್ ಏಪ್ರಿಲ್‌ನಿಂದ ನನ್ನ ಮಗಳ ಪುಸ್ತಕದ ಶೆಲ್ಫಿನ ಮೇಲೆ ಇದೆ. ಮೊದಲ ಪಂದ್ಯಕ್ಕೆ ಅದನ್ನು ತೆಗೆದುಕೊಂಡು ಹೋಗಬೇಕು, ಅದೇ ಸಾಲಿನಲ್ಲಿ ಕೂರಬೇಕು, ಅಜ್ಜಿ ಬಂದಿದ್ದರೆ ವಾಪಸ್ ಕೊಡಬೇಕು ಅಂತ ಅವಳು ಅವತ್ತೇ ಹೇಳಿದ್ದಳು. ಟಿಕೆಟ್ ನಾನು ತೆಗೆಯುತ್ತೇನೆ. ತಾರೀಖು ನೀವು ಹೇಳಿ.

ಇಂತಿ,
ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಒಬ್ಬ ಕನ್ನಡಿಗ ಅಭಿಮಾನಿ